ರಬ್ಬರ್ ಚಕ್ರಕ್ಕೂ ಒಂದು ಆಯ

ಆ ಗಾಡಿ ನನ್ನ ಬೆನ್ನ ಹಿಂದೆ ಬಂದು ನಿಂತದ್ದು ನನಗೆ ಗೊತ್ತೇ ಆಗಲಿಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆಯ ಮುಂದಿನ ರಸ್ತೆಯಲ್ಲಿ ನಿಂತು ಕಬ್ಬಿನ ಗಾಡಿಗಳ ಸಾಲು ನೋಡುತ್ತಿದ್ದೆ. ಕುತ್ತಿಗೆಗೆ ಬಿಸಿಯುಸಿರು ತಾಗಿತು. ಬೆಚ್ಚಿ ತಿರುಗಿದರೆ ಒಂದು ಜೊತೆ ಎತ್ತು, ಅವುಗಳ ಹಿಂದೆ ಆಳೆತ್ತರ ಕಬ್ಬು ಹೇರಿದ ಗಾಡಿ, ಅದರ ಮೇಲೆ ಕೂತು ನಗುತ್ತಿದ್ದ ಗಾಡಿಯವನು. ಅಷ್ಟು ದೊಡ್ಡ ಹೇರು ಅಷ್ಟು ಹತ್ತಿರ ಬರುವವರೆಗೂ ಕಿವಿಗೆ ಏನೂ ಬೀಳಲಿಲ್ಲವೆಂದರೆ ಏನರ್ಥ? ನಾನು ಹುಟ್ಟಿ ಬೆಳೆದದ್ದೇ ಗಾಡಿಗಳ ಸದ್ದಿನಲ್ಲಿ. ಮಳವಳ್ಳಿಯ ನಮ್ಮ ಮನೆಯ ಮುಂದೆ ಸಂತೆಯ ದಿನ ಹೋಗುವ ಗಾಡಿಗಳು ಕಬ್ಬಿಣದ ಪಟ್ಟೆಯಲ್ಲಿ ಕಲ್ಲು ಅರೆದುಕೊಂಡೇ ಹೋಗುತ್ತಿದ್ದವು. ಮಾತಾಡುತ್ತಿದ್ದವರು ಬಾಯಿ ಮುಚ್ಚಿಕೊಂಡು ಅದು ದಾಟುವವರೆಗೆ ಕಾಯಬೇಕಾಗಿತ್ತು. ಬಗ್ಗಿ ಈ ಗಾಡಿಯ ಚಕ್ರ ನೋಡಿದೆ. ಮರವಿಲ್ಲ, ಪಟ್ಟೆಯಿಲ್ಲ. ಮೋಟಾರಿಗೆ ಇರುವ ಹಾಗೆ ದಪ್ಪನೆಯ ಕರಿ ರಬ್ಬರ್ ಟೈರು, ಒಳಗೆ ಗಾಳಿ. ಅಂಗೈಯಿಂದ ಒತ್ತಿದೆ. ಗಾಡಿಯವನು ಕೈ ತೆಗೆಯೋ ಎಂದು ಗದರಿದ. ನಾನು ತೆಗೆಯಲಿಲ್ಲ.

ಆಗ ನನಗೆ ಕೆಲಸವಿರಲಿಲ್ಲ, ಮದುವೆಯಾಗಿರಲಿಲ್ಲ, ಪರೀಕ್ಷೆ ಪಾಸಾದ ಜಂಬ ಮಾತ್ರ ಇತ್ತು. ಅದು ಯುರೋಪಿನಲ್ಲಿ ಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ. ಅವತ್ತೇ ಮಧ್ಯಾಹ್ನ ವಿಚಾರಿಸಿಕೊಂಡು ಅಂಥ ಗಾಡಿ ಮಾರುವ ಸಾಹುಕಾರರ ಅಂಗಡಿಗೆ ಹೋಗಿ ಕೆಲಸ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಎತ್ತು ಹೂಡಲು ಬರುತ್ತದೆಯೇ ಎಂದರು. ಬರುವುದಿಲ್ಲ ಎಂದೆ. ಮಾತಾಡಲು ಬರುತ್ತದೆಯೇ ಎಂದರು. ಅದು ಬರುತ್ತದೆ ಎಂದೆ. ಅವರಿಗೆ ಬೇಕಾಗಿದ್ದದ್ದೂ ಅದೇ. ಮಂಡ್ಯದ ಸುತ್ತ ಒಂದೋ ಎರಡೋ ಟೈರ್ ಗಾಡಿ ಓಡಾಡುತ್ತಿದ್ದವು, ಅವೂ ದೊಡ್ಡ ಜಮೀನುದಾರರವು. ಸಾಮಾನ್ಯ ಒಕ್ಕಲು ಜನ ಅಂಗಡಿಗೆ ಬಂದು, ನೋಡಿ, ಮುಟ್ಟಿ, ನಕ್ಕು ಹೋಗುತ್ತಿದ್ದರು. ಅವರ ಊರಿಗೇ ಹೋಗಿ ತಿಳಿಸಿ ಹೇಳುವವನೊಬ್ಬ ಬೇಕಾಗಿತ್ತು. ಯುಗಾದಿಯೊಳಗೆ ಮೂರು ಗಾಡಿ ಹಳ್ಳಿಗಳಲ್ಲಿ ಮಾರಾಟವಾಗಿ ಉಳಿದರೆ ಕೆಲಸ ಕಾಯಂ, ಇಲ್ಲದಿದ್ದರೆ ನಿನ್ನ ದಾರಿ ನಿನಗೆ ಎಂದರು ಸಾಹುಕಾರರು. ಮೂರಲ್ಲ, ಮೂವತ್ತು ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ.

ಅಪ್ಪ ಮಳವಳ್ಳಿಯಲ್ಲಿ ಶಾಲೆಯ ಮೇಷ್ಟ್ರು. ಹಲಗೂರಿನ ಕಡೆಯ ಒಂದು ಶಾಲೆಯಲ್ಲಿ ನನಗಾಗಿ ಜಾಗವೊಂದನ್ನು ನೋಡಿಟ್ಟಿದ್ದರು. ಅಂದು ರಾತ್ರಿ ಊಟಕ್ಕೆ ಕೂತಾಗ ಟೈರ್ ಗಾಡಿಯ ವಿಷಯ ಹೇಳುತ್ತ ಹೇಳುತ್ತ ನಾನು ತಟ್ಟೆಯ ಮುಂದೆ ಎದ್ದೇ ನಿಂತುಬಿಟ್ಟೆನಂತೆ. ಅಮ್ಮ ಸಾಯುವವರೆಗೂ ಅದನ್ನು ಹೇಳಿ ನಗುತ್ತಿದ್ದಳು. ಅಪ್ಪ ನಗಲಿಲ್ಲ. ಪೂರ್ತಿ ಕೇಳಿಸಿಕೊಂಡು, ಕೈ ತೊಳೆದು ಬಂದು, ಸಮಾಧಾನವಾಗಿ ಒಂದು ಪ್ರಶ್ನೆ ಕೇಳಿದರು.

“ಮಾರಿ ಬಂದ್ಮೇಲೆ ನಿನ್ನ ಕೇಳ್ಕೊಂಡು ಯಾರು ಬತ್ತಾರಪ್ಪ?”

ಪಾಠ ಹೇಳಿಸಿಕೊಂಡವರು ಸಂತೆಯಲ್ಲಿ ಸಿಕ್ಕರೂ ನಿಂತು ಮಾತಾಡಿಸುತ್ತಾರೆ, ಕಾಗದ ಓದಿಸಿಕೊಳ್ಳಲು, ಮಗುವಿಗೆ ಹೆಸರು ಕೇಳಲು ಮನೆಗೆ ಬರುತ್ತಾರೆ. ಸಾಮಾನು ಮಾರುವವನನ್ನು ಕೊಂಡ ಮಾರನೆಯ ದಿನವೇ ಮರೆಯುತ್ತಾರೆ, ಮರೆಯದಿದ್ದರೆ ಬೈಯುವುದಕ್ಕೆ ನೆನೆಯುತ್ತಾರೆ ಎಂಬುದು ಅವರ ವಾದ. ನನಗೆ ಸಿಟ್ಟು ಬಂತು. ಎದುರಿನವರು ಹೇಳಿದ್ದು ಸರಿಯಿದ್ದರೇ ನನಗೆ ಸಿಟ್ಟು ಹೆಚ್ಚು. ಯುಗಾದಿಯವರೆಗೆ ಬಿಡಿ, ಮೂರು ಗಾಡಿ ಮಾರದಿದ್ದರೆ ನೀವು ಹೇಳಿದ ಶಾಲೆಗೆ ಹೋಗುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಆಮೇಲೆ ಅವರು ಆ ವಿಷಯ ಎತ್ತಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದಸರಾ ಕಳೆಯುತ್ತಲೇ ಊರೂರು ತಿರುಗಲು ಹೊರಟೆ. ಸಾಹುಕಾರರ ಒಂದು ಟೈರ್ ಗಾಡಿ, ಒಂದು ಜೊತೆ ಎತ್ತು, ಹೊಡೆಯಲು ಒಬ್ಬ ಆಳು, ಗಾಳಿ ತುಂಬುವ ಪಂಪು, ಮಾತಾಡಲು ನಾನು. ಆ ದಿನಗಳ ಹುಮ್ಮಸ್ಸನ್ನು ಹೇಗೆ ಹೇಳಲಿ? ಬೆಳಗಿನ ಮಂಜಿನಲ್ಲಿ ಗಾಡಿಯ ಮುಂಭಾಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಕಬ್ಬಿನ ಗರಿಗಳ ಸರಬರ ಕೇಳಿಸುತ್ತಿತ್ತು, ನಾಲೆಯ ನೀರು ಕೇಳಿಸುತ್ತಿತ್ತು, ಎತ್ತು ಉಗುಳು ನುಂಗಿದ್ದು ಕೇಳಿಸುತ್ತಿತ್ತು. ಗಾಡಿಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡವರು ಅದುವರೆಗೆ ನಮ್ಮ ಸೀಮೆಯಲ್ಲಿ ಯಾರೂ ಇರಲಾರರು ಎಂದು ನನಗೆ ಹೆಮ್ಮೆ. ಮದ್ದೂರು, ಆತಗೂರು, ದೊಡ್ಡಿ, ಎಲ್ಲಿ ನಾಲ್ಕು ಜನ ಜಗುಲಿಯ ಮೇಲೆ ಕಂಡರೋ ಅಲ್ಲಿ ಗಾಡಿ ನಿಲ್ಲಿಸುತ್ತಿದ್ದೆ.

ಭಾಷಣ ಬಾಯಿಪಾಠವಾಗಿತ್ತು. ಒಂದಕ್ಕೆರಡು ಹೇರು ಎಳೆಯುತ್ತದೆ, ಎತ್ತಿಗೆ ದಣಿವಿಲ್ಲ, ದಿನಬೆಳಗಾದರೆ ಕೀಲೆಣ್ಣೆ ಬಳಿಯುವ ಗೋಜಿಲ್ಲ, ಇದು ಕೆಡುವುದೇ ಇಲ್ಲ. ಕೊನೆಯಲ್ಲಿ ಒಂದು ಮಾತನ್ನು ತಪ್ಪದೆ ಸೇರಿಸುತ್ತಿದ್ದೆ: ಹೊಸದಾಗಿ ಕಲಿಯುವುದೇನೂ ಇಲ್ಲ, ನಿಮ್ಮ ಗಾಡಿಯನ್ನು ಹೇಗೆ ನೋಡಿಕೊಳ್ಳುತ್ತೀರೋ ಹಾಗೆಯೇ ಇದನ್ನೂ ನೋಡಿಕೊಳ್ಳಿ, ಸಾಕು. ಆ ಮಾತಿಗೆ ಎಲ್ಲ ಊರಿನಲ್ಲೂ ಜನ ತಲೆದೂಗುತ್ತಿದ್ದರು. ಅದನ್ನು ನಾನೇ ಕಟ್ಟಿದ್ದು ಎಂಬ ಸಂತೋಷ ನನಗೆ.

ಮಜ್ಜಿಗೆ ಕೊಟ್ಟರು, ಬೆಲ್ಲ ಕೊಟ್ಟರು, ಎಲೆ ಅಡಿಕೆ ಕೊಟ್ಟರು. ಗಾಡಿ ಮಾತ್ರ ಯಾರೂ ಕೊಳ್ಳಲಿಲ್ಲ. ಜಾಲಿಮುಳ್ಳು ಚುಚ್ಚಿದರೆ ಗತಿಯೇನು ಎಂದು ಕೇಳಿದರು. ನಾನೇ ಮುಳ್ಳು ಚುಚ್ಚಿ, ಟ್ಯೂಬು ತೆಗೆದು, ತೇಪೆ ಹಾಕಿ ತೋರಿಸಿದೆ. ಇದು ಯಾವ ಪ್ರಾಣಿಯ ಚರ್ಮ ಎಂದರು. ಮರದ ಹಾಲು ಎಂದೆ. ಆತಗೂರಿನಲ್ಲಿ ಒಬ್ಬ ಹಾಗಾದರೆ ನಮ್ಮ ಅತ್ತಿಮರದ ಹಾಲಿನಲ್ಲಿ ಯಾಕೆ ಆಗುವುದಿಲ್ಲ ಎಂದು ಹಿಡಿದುಕೊಂಡ, ಅವನಿಂದ ಬಿಡಿಸಿಕೊಂಡು ಬರುವ ಹೊತ್ತಿಗೆ ಸಾಯಂಕಾಲವಾಯಿತು. ಎಲ್ಲ ಪ್ರಶ್ನೆಗೂ ನನ್ನಲ್ಲಿ ಉತ್ತರವಿತ್ತು. ಉತ್ತರ ಕೇಳಿ ಎಲ್ಲರೂ ಒಪ್ಪುತ್ತಿದ್ದರು. ಒಪ್ಪಿಕೊಂಡೇ ಎದ್ದು ಹೋಗುತ್ತಿದ್ದರು.

ದೊಡ್ಡಿಯಿಂದ ಮಳವಳ್ಳಿಯ ಕಡೆಗೆ ಬರುವ ದಾರಿಯಲ್ಲಿ, ನಾಲೆಯ ಅಂಚಿಗೆ ಒಂದು ಊರು. ಅಲ್ಲಿ ನಾನು ಹೆಚ್ಚು ಸಲ ಹೋದೆ, ಏಕೆಂದರೆ ಅಲ್ಲಿನವರು ಹೆಚ್ಚು ಜಗಳವಾಡುತ್ತಿದ್ದರು. ಒಬ್ಬ ವಯಸ್ಸಾದ ಗೌಡರು, ಸದ್ದೇ ಇಲ್ಲದ ಗಾಡಿಯಲ್ಲಿ ಹೋಗಲು ನಾನೇನು ಕಳ್ಳನೇ ಎಂದು ಕೇಳಿದರು. ಅವರ ಗಾಡಿಯ ಸದ್ದು ಅರ್ಧ ಮೈಲಿಯಿಂದಲೇ ಮನೆಗೆ ಕೇಳುತ್ತದಂತೆ, ಹೆಂಡತಿ ಆಗ ಮುದ್ದೆಗೆ ಎಸರಿಡುತ್ತಾಳಂತೆ. ಇದರಲ್ಲಿ ಬಂದರೆ ಇಳಿದ ಮೇಲೆ ಹಸಿದುಕೊಂಡು ಕಾಯಬೇಕು. ನಾನು ಗಾಡಿಯನ್ನು ಮುಂದಿನ ಜಗುಲಿಗೆ ಹೊಡೆಸಿದೆ.

ಅದೇ ಊರಿನಲ್ಲಿ ಒಬ್ಬ ಆಚಾರಿ. ನೇಗಿಲು, ನೊಗ, ಗಾಡಿ ಎಲ್ಲ ಅವನ ಕೈಯವೇ. ಅವನಿಗೆ ಸಂಬಳವಿಲ್ಲ. ಸುಗ್ಗಿಯಲ್ಲಿ ರಾಗಿ ತೂರಿ ರಾಶಿ ಮಾಡಿದ ಮೇಲೆ, ಒಕ್ಕಲು ಮನೆಯವರು ಕಣದಿಂದಲೇ ಅವನ ಪಾಲನ್ನು ಮೊರದಲ್ಲಿ ಎತ್ತಿಡಬೇಕು. ಅದನ್ನೇ ಆಯ ಎನ್ನುವುದು. ಅದಕ್ಕೆ ಬದಲಾಗಿ ವರ್ಷವಿಡೀ ಯಾರ ನೇಗಿಲು ಮುರಿಯಲಿ, ಯಾರ ಗಾಡಿಯ ಕೀಲು ಸಡಿಲವಾಗಲಿ, ಅವನು ಹೋಗಿ ಸರಿಮಾಡಬೇಕು. ನಾನು ಭಾಷಣ ಮಾಡುವಾಗ ಅವನು ತನ್ನ ಚಪ್ಪರದ ಕೆಳಗೆ ಬಾಚಿ ಹಿಡಿದು ಮರ ಕೆತ್ತುತ್ತಲೇ ಇರುತ್ತಿದ್ದ. ಒಂದು ದಿನ ಮಾತ್ರ ಕೈ ನಿಲ್ಲಿಸಿ, ಇದು ಕೆಟ್ಟರೆ ಯಾರು ಬರುತ್ತಾರೆ ಎಂದು ಕೇಳಿದ. ಕೆಡುವುದೇ ಇಲ್ಲ ಎಂದೆ. ಅವನು ಇನ್ನೇನೂ ಕೇಳದೆ ಮತ್ತೆ ಬಾಚಿ ಎತ್ತಿಕೊಂಡ. ಸುತ್ತ ಇದ್ದವರೆಲ್ಲ ಅವನ ಮುಖ ನೋಡಿದರು. ಹೊಟ್ಟೆಕಿಚ್ಚು ಎಂದುಕೊಂಡು ನಾನು ಅವನನ್ನು ಅಲ್ಲಿಗೇ ಬಿಟ್ಟೆ.

ಮೊದಲ ಗಾಡಿ ಕೊಂಡದ್ದು ಅದೇ ಊರಿನ ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೆ ಕಬ್ಬಿನ ಗದ್ದೆ, ಎತ್ತು, ಮೂವತ್ತು ವರ್ಷದ ಮಗ, ಎಲ್ಲವನ್ನೂ ಒಂದೇ ಗದರಿಕೆಯಲ್ಲಿ ನಡೆಸುತ್ತಿದ್ದವಳು. ಊರಿಗೆಲ್ಲ ಅವಳು ದೊಡ್ಡವ್ವ. ನನ್ನ ಭಾಷಣವನ್ನು ಮೂರು ಸಲ ಕೇಳಿದ್ದಳು. ಸಂಕ್ರಾಂತಿಯ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ನಾನು ಬಾಯಿ ತೆರೆಯುವ ಮುಂಚೆಯೇ ಕೈ ಎತ್ತಿ ನಿಲ್ಲಿಸಿದಳು.

“ನೀನು ಸುಮ್ಕಿರು ಮಗ. ನಾನು ಎತ್ತ ಕೇಳ್ತೀನಿ.”

ಸಾಹುಕಾರರ ಎತ್ತು ಬಿಚ್ಚಿಸಿ ತನ್ನ ಜೋಡಿಯನ್ನು ಹೂಡಿಸಿದಳು. ಅವಳ ಗಾಡಿಗೆ ಯಾವತ್ತೂ ಹೇರುವಷ್ಟೇ ಕಬ್ಬು ಹೇರಿಸಿದಳು. ಮಗನನ್ನು ಕೂರಿಸಿ, ದೊಡ್ಡಿಯವರೆಗೆ ಹೋಗಿ ತಿರುಗಿ ಬಾ ಎಂದಳು. ಅವನು ಬರುವವರೆಗೆ ನಾನು ಅವಳ ಜಗುಲಿಯ ಮೇಲೆ ಕೂತು ಬೆವರಿದೆ. ಗಾಡಿ ಬಂದು ನಿಂತ ತಕ್ಷಣ ಅವಳು ನೊಗ ಎತ್ತಿಸಿ, ಎಡಗಡೆಯ ಎತ್ತಿನ ಹೆಗಲಿನ ಮೇಲೆ, ನೊಗ ಕೂರುವ ಜಾಗದಲ್ಲಿ, ಅಂಗೈ ಇಟ್ಟಳು. ಆಮೇಲೆ ಬಲಗಡೆಯದಕ್ಕೆ. ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ ಕಣ್ಣು ಮುಚ್ಚಿ ನೋಡಿದಳು. ಹಳೆಯ ಗಾಡಿ ಎಳೆದು ಬಂದ ದಿನ ಅಲ್ಲಿ ಕೈ ಇಡಲಾಗದಷ್ಟು ಕಾವಿರುತ್ತದಂತೆ, ಚರ್ಮ ಊದಿಕೊಂಡಿರುತ್ತದಂತೆ. ಇವತ್ತು ಬೆಚ್ಚಗಿತ್ತು, ಅಷ್ಟೆ. ಅವಳು ಕಣ್ಣು ತೆರೆದು, ಗಾಡಿ ಇಲ್ಲೇ ಇರಲಿ ಎಂದಳು.

ನಾನು ಮಂಡ್ಯಕ್ಕೆ ಹೇಗೆ ಬಂದೆನೋ ನೆನಪಿಲ್ಲ. ಸಾಹುಕಾರರ ಮುಂದೆ ಏದುಸಿರು ಬಿಡುತ್ತ ಹೇಳಿದೆ. ಆ ವಾರ ಕಂಡಕಂಡವರಿಗೆಲ್ಲ ಹೇಳಿದೆ. ಇನ್ನು ಎರಡೇ ಗಾಡಿ. ದೊಡ್ಡವ್ವನ ಗಾಡಿ ಊರಿನಲ್ಲಿ ಓಡಾಡುವುದನ್ನು ನೋಡಿ ಜನ ಸಾಲುಗಟ್ಟಿ ಬರುತ್ತಾರೆ ಎಂದು ಕಾದೆ. ಜನ ನೋಡಿದರು, ಹೌದು. ಹತ್ತಿ ಕೂತರು, ಕಾರ್ಖಾನೆಗೆ ಹೋಗಿ ಬಂದರು, ಹೊಗಳಿದರು. ಕೊಳ್ಳಲಿಲ್ಲ. ಶಿವರಾತ್ರಿ ಬಂತು. ಯುಗಾದಿಗೆ ಒಂದೇ ತಿಂಗಳು. ರಾತ್ರಿ ಮಲಗಿದರೆ ಹಲಗೂರಿನ ಶಾಲೆಯ ಗಂಟೆ ಕಿವಿಯಲ್ಲಿ ಹೊಡೆಯುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ದೊಡ್ಡವ್ವನ ಮಗ ಬಸ್ಸಿಳಿದು ಅಂಗಡಿಗೆ ಬಂದ. ಮಾತು ಕಡಿಮೆಯ ಮನುಷ್ಯ. ಗಾಡಿ ಕಿರುಚುತ್ತದೆ ಎಂದ. ಸಾಹುಕಾರರು ನನ್ನ ಮುಖ ನೋಡಿದರು. ಅಂಗಡಿಯಲ್ಲಿ ಗಾಡಿ ಬಿಚ್ಚುವ ಕೆಲಸ ಬಲ್ಲ ಫಿಟ್ಟರ್ ಒಬ್ಬನೇ, ಅವನು ಮೈಸೂರಿಗೆ ಮದುವೆಗೆ ಹೋಗಿದ್ದ. ಅವನು ಚಕ್ರ ಬಿಚ್ಚಿ ಕೂಡಿಸಿದ್ದನ್ನು ನಾನು ಎರಡು ಸಲ ನೋಡಿದ್ದೆ. ಸ್ಪ್ಯಾನರು, ಸುತ್ತಿಗೆ, ಸೀಮೆಣ್ಣೆ, ಗ್ರೀಸಿನ ಡಬ್ಬಿ, ಚಕ್ರದ ಕೆಲವು ಬಿಡಿಭಾಗ ಗೋಣಿಚೀಲಕ್ಕೆ ತುಂಬಿಕೊಂಡು ಅದೇ ಬಸ್ಸಿನಲ್ಲಿ ವಾಪಸು ಹೊರಟೆ. ನೋಡಿದ್ದಕ್ಕೂ ಮಾಡುವುದಕ್ಕೂ ಇರುವ ಅಂತರ ಬಸ್ಸು ಮದ್ದೂರು ದಾಟುವ ಹೊತ್ತಿಗೆ ತಿಳಿಯತೊಡಗಿತು.

ಗಾಡಿ ಊರ ಮುಂದೆ, ಆಚಾರಿಯ ಚಪ್ಪರದ ಎದುರಿಗೇ ನಿಂತುಬಿಟ್ಟಿತ್ತು. ಕಬ್ಬು ಇಳಿಸಿದ್ದರು. ಸುತ್ತ ಇಡೀ ಊರು. ನನ್ನನ್ನು ನೋಡಿ ಎತ್ತು ಕಟ್ಟಿ ಎರಡು ಹೆಜ್ಜೆ ಎಳೆಸಿದರು. ಗಾಡಿ ಊಳಿಟ್ಟಿತು. ಮರದ ಗಾಡಿಯ ಗಡಗಡವಲ್ಲ ಅದು, ಯಾರನ್ನೋ ಕೊಯ್ಯುತ್ತಿದ್ದಾರೆಂಬ ಸದ್ದು. ಆ ಗೌಡರು ಮಾತ್ರ ಬಹಳ ಖುಷಿಯಾಗಿದ್ದರು. ಈಗ ಇದಕ್ಕೂ ಸದ್ದು ಬಂತಲ್ಲಪ್ಪ, ಇನ್ನು ಕೊಳ್ಳಬಹುದು ಎಂದು ಎಲ್ಲರನ್ನೂ ನಗಿಸಿದರು.

ನಾನು ಬಗ್ಗಿ ಚಕ್ರದ ನಡುವಣ ಮುಚ್ಚಳ ತೆಗೆದೆ. ಒಳಗಿಂದ ಕೆಂಪು ನೀರು ಇಳಿಯಿತು. ಕೆಸರು, ತುಕ್ಕು. ನೀರು ಹೇಗೆ ಹೋಯಿತು ಎಂದು ಕೇಳಿದೆ. ಮಗ ನಿಶ್ಚಿಂತೆಯಾಗಿ, ನಾಲ್ಕು ದಿನ ಕಾಲುವೆಯಲ್ಲಿ ಇಳಿಬಿಟ್ಟಿದ್ದೆವು ಎಂದ. ನನ್ನ ತಲೆ ಕೆಟ್ಟುಹೋಯಿತು. ಮೂರು ಗಾಡಿ, ಯುಗಾದಿ, ಹಲಗೂರು ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಬುದ್ಧಿ ಇದೆಯೇ ನಿಮಗೆ, ಉಕ್ಕಿನ ಸಾಮಾನನ್ನು ಎಮ್ಮೆಯ ಹಾಗೆ ನೀರಿನಲ್ಲಿ ಮಲಗಿಸುತ್ತಾರೆಯೇ ಎಂದು ಊರೆಲ್ಲ ಕೇಳುವಂತೆ ಕೂಗಿದೆ. ದೊಡ್ಡವ್ವ ನಾನು ಮುಗಿಸುವವರೆಗೂ ಕಾದಳು.

“ನೀನೇ ಯೋಳ್ದಲ್ಲಪ್ಪ, ನಿಮ್ಮ ಗಾಡಿ ನೋಡ್ಕಂಡಂಗೆ ನೋಡ್ಕಳಿ ಅಂತ. ಅಂಗೇ ನೋಡ್ಕಂಡೋ.”

ಬಿಸಿಲು ಏರಿದರೆ ಮರದ ಚಕ್ರ ಒಣಗಿ ಕುಗ್ಗುತ್ತದೆ, ಮೇಲಿನ ಕಬ್ಬಿಣದ ಪಟ್ಟೆ ಸಡಿಲವಾಗಿ ಕಳಚಿಕೊಳ್ಳುತ್ತದೆ. ಅದಕ್ಕೇ ಬೇಸಿಗೆಯ ಮುಂಚೆ ಗಾಡಿಯನ್ನು ಮೂರು ದಿನ ನೀರಿಗೆ ಇಳಿಸುತ್ತಾರೆ. ಮರ ನೀರು ಕುಡಿದು ಉಬ್ಬಿ ಪಟ್ಟೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಇದನ್ನು ನಮ್ಮ ಸೀಮೆಯಲ್ಲಿ ಕಾಣದವರು ಯಾರು? ನಾನೂ ಮಳವಳ್ಳಿಯ ಕೆರೆಯಲ್ಲಿ ಅರ್ಧ ಮುಳುಗಿದ ಗಾಡಿಗಳ ಮೇಲೆ ಹತ್ತಿ ಆಡಿದವನೇ. ಆದರೆ ಐದು ತಿಂಗಳು ಅಷ್ಟು ಮಾತಾಡಿದ ನನಗೆ ಒಂದು ಸಲವೂ ಅದು ಹೊಳೆದಿರಲಿಲ್ಲ. ಅವಳು ಹೊಸ ಗಾಡಿಯನ್ನು ಪ್ರೀತಿಯಿಂದ, ಎಲ್ಲಕ್ಕಿಂತ ಮೊದಲು, ಒಂದು ದಿನ ಹೆಚ್ಚಾಗಿಯೇ ನೀರಿನಲ್ಲಿ ಇರಿಸಿದ್ದಳು. ನಾಚಿಕೆಯಾದರೆ ಕಿವಿ ಬಿಸಿಯಾಗುತ್ತದೆ ಎಂಬುದು ನಿಜ.

ಗಾಡಿಯನ್ನು ದಿಮ್ಮಿಗಳ ಮೇಲೆ ಎತ್ತಿಸಿ, ಗೋಣಿಚೀಲ ಬಿಚ್ಚಿ ಬಲಗಡೆಯ ಚಕ್ರದ ನಟ್ಟಿಗೆ ಸ್ಪ್ಯಾನರು ಹಾಕಿದೆ. ಅಲುಗಲಿಲ್ಲ. ನೇತಾಡಿದೆ. ಅಲುಗಲಿಲ್ಲ. ಇಷ್ಟು ಜನರ ಮುಂದೆ ಸೋಲುವುದು ಹೇಗೆಂದು ಸುತ್ತಿಗೆ ತೆಗೆದುಕೊಂಡು ಸ್ಪ್ಯಾನರಿನ ತುದಿಗೆ ಬಲವಾಗಿ ಹೊಡೆಯತೊಡಗಿದೆ. ಐದನೆಯ ಏಟಿಗೋ ಆರನೆಯ ಏಟಿಗೋ ಹಿಂದಿನಿಂದ ಒಂದು ಕೈ ಬಂದು ಸುತ್ತಿಗೆಯನ್ನು ಹಿಡಿದುಕೊಂಡಿತು. ಆಚಾರಿ. ಅಷ್ಟು ಹೊತ್ತೂ ಚಪ್ಪರದ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದವನಿಗೆ ಇನ್ನು ತಡೆಯಲಾಗಿರಲಿಲ್ಲ.

“ಅತ್ಲಾಗ್ ಬುಡು. ಅದೇನು ಹಾವಾ, ಇಂಗೆ ಒಡಿಯಾಕೆ?”

ನಟ್ಟಿನ ಸುತ್ತ ಸೀಮೆಣ್ಣೆ ಬಿಟ್ಟು ಒಂದು ಎಲೆ ಅಡಿಕೆ ಹಾಕುವಷ್ಟು ಹೊತ್ತು ಸುಮ್ಮನೆ ಕೂತ. ಬಟ್ಟೆಯಲ್ಲಿ ಸೀಮೆಣ್ಣೆಯನ್ನು ಚೆನ್ನಾಗಿ ಒರೆಸಿ ತೆಗೆದು, ಚಪ್ಪರದ ಪಕ್ಕದ ತನ್ನ ಕುಲುಮೆಯಿಂದ ಒಂದು ಕಾದ ಸಲಾಕೆ ತಂದು ನಟ್ಟಿಗೆ ತಾಗಿಸಿ ಹಿಡಿದ. ಸಣ್ಣಗೆ ಸುತ್ತಲೂ ತಟ್ಟಿದ. ಮೊದಲ ಚಕ್ರದ ನಟ್ಟು ಬೆಣ್ಣೆಯ ಹಾಗೆ ತಿರುಗಿತು. ಎಡಗಡೆಯದು ಎಷ್ಟು ಮಾಡಿದರೂ ಬರಲಿಲ್ಲ. ಫಿಟ್ಟರ್ ಅಲ್ಲಿ ಏನೋ ಬೇರೆ ಮಾಡಿದ್ದನೆಂದು ನನಗೆ ಮಸುಕಾಗಿ ನೆನಪು, ಏನೆಂದು ನೆನಪಿಲ್ಲ. ಆಚಾರಿ ಚಕ್ರವನ್ನು ಗಾಳಿಯಲ್ಲಿ ಮುಂದಕ್ಕೆ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ನೋಡಿದ. ಆಮೇಲೆ ಸ್ಪ್ಯಾನರನ್ನು ಉಲ್ಟಾ ಹಾಕಿ ಬಲಕ್ಕೆ ಒತ್ತಿದ. ನಟ್ಟು ಬಿಚ್ಚಿಕೊಂಡಿತು. ಗಾಡಿ ಓಡುವಾಗ ತಾನಾಗಿ ಕಳಚದಿರಲಿ ಎಂದು ಆ ಕಡೆಯ ಸುತ್ತುಗಳನ್ನು ತಿರುಗುಮುರುಗಾಗಿ ಕೊರೆದಿದ್ದಾರೆಂದು ಅವನೇ ನನಗೆ ಬಿಡಿಸಿ ಹೇಳಿದ. ಯಾರೂ ಹೇಳಿಕೊಡದೆ ಅವನಿಗೆ ಅದು ತಿಳಿದದ್ದು ಕಂಡು ನನಗೆ ಮೈ ಜುಮ್ಮೆಂದಿತು. ನಾನು ಮಾರಲು ಹೊರಟಿದ್ದ ಗಾಡಿಯನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡವನನ್ನು ಹೊಟ್ಟೆಕಿಚ್ಚಿನವನೆಂದು ಬಿಟ್ಟಿದ್ದೆನಲ್ಲ!

ಆಮೇಲೆ ನಡೆದದ್ದು ಹಬ್ಬ. ಚಕ್ರದ ಒಳಗೆ ಬಳೆಯಾಕಾರದಲ್ಲಿ ಜೋಡಿಸಿದ ಉಕ್ಕಿನ ಗುಂಡುಗಳಿರುತ್ತವೆ, ಬೇರಿಂಗು. ಚಕ್ರ ಹಗುರಾಗಿ ಉರುಳುವುದೆಲ್ಲ ಅವುಗಳಿಂದಲೇ. ಆಚಾರಿ ಒಂದೊಂದಾಗಿ ತೆಗೆದುಕೊಟ್ಟ, ನಾನು ಸೀಮೆಣ್ಣೆಯಲ್ಲಿ ತೊಳೆದೆ, ದೊಡ್ಡವ್ವ ಒಂದನ್ನೂ ಬೇರೆಯವರ ಕೈಗೆ ಕೊಡದೆ ತನ್ನ ಮಡಿಲಿಗೆ ಹಾಕಿಕೊಂಡಳು. ಊರಿನವರು ತಲೆಗೆ ತಲೆ ತಾಗಿಸಿ ಬಗ್ಗಿದರು. ಇಷ್ಟೇನಾ ಒಳಗೆ ಇರುವುದು ಎಂದು ಒಬ್ಬ ಕೇಳಿದ. ಇಷ್ಟೇ ಎಂದ ಆಚಾರಿ. ಎರಡು ಗುಂಡು ತುಕ್ಕು ತಿಂದು ಹೋಗಿದ್ದವು; ಅವುಗಳಿಗೆ ಬದಲು ಚೀಲದಲ್ಲಿ ಇದ್ದವು. ಗ್ರೀಸು ತುಂಬಿ, ಮುಚ್ಚಳ ಹಾಕಿ, ಆಚಾರಿ ಬೆರಳ ತುದಿಯಿಂದ ಚಕ್ರವನ್ನು ತಳ್ಳಿದ. ಅದು ತಿರುಗುತ್ತಲೇ ಇತ್ತು. ನಾವು ಮಾತಾಡಿ ಮುಗಿಸಿದರೂ ತಿರುಗುತ್ತಿತ್ತು. ಅವನು ಅದನ್ನು ನೋಡುತ್ತ ನಿಂತ ರೀತಿ ನನಗೆ ಗುರುತಿನದು. ಕಾರ್ಖಾನೆಯ ಮುಂದೆ ಮೊದಲ ದಿನ ನಾನು ಹಾಗೆಯೇ ನಿಂತಿದ್ದೆ.

ಎತ್ತು ಕಟ್ಟಿ, ಕಬ್ಬು ಹೇರಿ, ಊರ ಮುಂದೆ ಒಂದು ಸುತ್ತು ಹೊಡೆಸಿದರು. ಸದ್ದಿಲ್ಲ. ಆಗ ಆಚಾರಿ ಕೈ ಒರೆಸಿಕೊಳ್ಳುತ್ತ, ಯಾರನ್ನೂ ನೋಡದೆ, ಎಲ್ಲರಿಗೂ ಕೇಳುವ ಹಾಗೆ ಒಂದು ಮಾತು ಕೇಳಿದ.

“ಇದುಕ್ಕೂ ಆಯ ಉಂಟಾ?”

ಆ ಗಳಿಗೆಯಲ್ಲಿ ನನಗೆ ಎಲ್ಲವೂ ಹೊಳೆಯಿತು. ಮುಳ್ಳೂ ಅಲ್ಲ, ಸದ್ದೂ ಅಲ್ಲ, ಚರ್ಮವೂ ಅಲ್ಲ. ಮರದ ಗಾಡಿ ಮುರಿದರೆ ಬೀದಿಯ ಕೊನೆಯಲ್ಲಿ ಆಚಾರಿ ಇದ್ದಾನೆ. ಅವನು ತಮ್ಮ ಕಣದ ರಾಗಿ ಉಂಡವನು, ಬರಲೇಬೇಕು. ಟೈರ್ ಗಾಡಿ ಕೆಟ್ಟರೆ ಮಂಡ್ಯಕ್ಕೆ ಬಸ್ಸು ಹತ್ತಬೇಕು, ಅಲ್ಲಿ ಫಿಟ್ಟರ್ ಮದುವೆಗೆ ಹೋಗಿರುತ್ತಾನೆ. ಜೊತೆಗೆ, ಎಲ್ಲರೂ ಇಂಥ ಗಾಡಿ ಕೊಂಡರೆ ಆಚಾರಿಗೆ ಮೊರ ಎತ್ತುವಾಗ ಯಾವ ಮುಖ ಇಟ್ಟುಕೊಂಡು ನಿಲ್ಲುವುದು ಎಂಬ ಸಂಕೋಚ. ಇದನ್ನು ಅವರು ಬಾಯಿಬಿಟ್ಟು ಹೇಳುವವರಲ್ಲ. ನಾನು ಕೇಳಿದವನೂ ಅಲ್ಲ. ದೊಡ್ಡವ್ವ ಉಳಿದವರ ಕಡೆ ತಿರುಗಿ, ಗಾಡಿ ಅಂದ ಮೇಲೆ ಗಾಡಿಯೇ, ಟೈರ್ ಗಾಡಿ ಇಟ್ಟವರು ಒಂದು ಮೊರ ಹೆಚ್ಚು ಹಾಕಬೇಕು ಎಂದು ತೀರ್ಪು ಕೊಟ್ಟಳು. ಯಾರೂ ಬೇಡವೆನ್ನಲಿಲ್ಲ.

ಹತ್ತು ದಿನಗಳಲ್ಲಿ ಅದೇ ಊರಿನಲ್ಲಿ ಎರಡು ಗಾಡಿ ಹೋದವು. ಎರಡರಲ್ಲಿ ಒಂದು, ನಂಬಿ, ಸದ್ದಿನ ಗೌಡರಿಗೆ. ಅವರು ಎತ್ತುಗಳ ಕೊರಳಿಗೆ ಇನ್ನೆರಡು ಸಾಲು ಗೆಜ್ಜೆ ಕಟ್ಟಿಸಿ ಮುದ್ದೆಯ ಸಮಸ್ಯೆಯನ್ನು ಬಗೆಹರಿಸಿಕೊಂಡರು. ನಾನು ಕೊಳ್ಳುವವರಿಗೆಲ್ಲ ಮೊದಲು ಹೇಳಿದ ಮಾತು, ನೀರಿಗೆ ಇಳಿಸಬೇಡಿ. ಎರಡನೆಯದು, ಇದು ಕೆಡುತ್ತದೆ; ಕೆಟ್ಟರೆ ಆಚಾರಿ ಇದ್ದಾನೆ. ಟ್ಯೂಬಿಗೆ ತೇಪೆ ಹಾಕುವುದನ್ನೂ ಗ್ರೀಸು ತುಂಬುವ ಲೆಕ್ಕವನ್ನೂ ಆಚಾರಿಗೆ ನಾನೇ ಕೂತು ಕಲಿಸಿಕೊಟ್ಟೆ. ಐದು ತಿಂಗಳು ಕೆಡುವುದೇ ಇಲ್ಲ ಎಂದು ಬಡಿದುಕೊಂಡಾಗ ಒಬ್ಬನೂ ನಂಬಲಿಲ್ಲ, ಕೆಟ್ಟದ್ದನ್ನು ಕಣ್ಣಾರೆ ಕಂಡ ಮೇಲೆ ಕೊಂಡರು. ಸಾಹುಕಾರರು ಅದೇನು ಮಂತ್ರ ಹಾಕಿದೆ ಎಂದು ಕೇಳಿದರು. ಗಾಡಿ ಊಳಿಟ್ಟಿತು ಎಂದೆ. ಅವರಿಗೆ ಅರ್ಥವಾಗಲಿಲ್ಲ, ಕೆಲಸ ಮಾತ್ರ ಕಾಯಂ ಆಯಿತು.

ಯುಗಾದಿಯ ದಿನ ಮನೆಗೆ ಹೋಗಿ ಅಪ್ಪನಿಗೆ ಮೂರು ಗಾಡಿ ಎಂದೆ. ಅವರು ಬೇವುಬೆಲ್ಲ ಕೈಗಿಟ್ಟು, ಸರಿ ಎಂದರು. ಕೊಟ್ಟ ಮಾತಿಗೆ ತಪ್ಪುವವರಲ್ಲ. ಹಲಗೂರಿನ ಕಡೆಗೆ ಬೇಡವೆಂದು ಕಾಗದ ಬರೆದರು. ಆದರೆ ಆ ಸರಿ ನನಗೆ ಸಾಲಲಿಲ್ಲ. ಅವರು ಕೇಳಿದ್ದ ಪ್ರಶ್ನೆ ಹಾಗೆಯೇ ನಮ್ಮಿಬ್ಬರ ನಡುವೆ ಕೂತಿತ್ತು. ಮೂರರ ಜಾಗದಲ್ಲಿ ಮೂವತ್ತು ಎಂದಿದ್ದರೂ ಅದು ಏಳುತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು.

ಆ ವರ್ಷ ಯುದ್ಧ ಶುರುವಾಯಿತು. ಮುಂದೆ ಟೈರು ಸಿಗುವುದೇ ಕಷ್ಟವಾಗಿ ಎಷ್ಟೋ ಕಡೆ ಅಂಥ ಗಾಡಿಗಳು ಕಲ್ಲಿನ ಮೇಲೆ ಕೂತವು; ದೊಡ್ಡವ್ವನ ಊರಿನವು ಆಚಾರಿಯ ತೇಪೆಯ ಮೇಲೆ ತೇಪೆಯಿಂದ ಓಡುತ್ತಲೇ ಇದ್ದವು. ಅದು ಆಮೇಲಿನ ಮಾತು. ಆ ಮೊದಲ ಸುಗ್ಗಿಯಲ್ಲಿ ನಾನು ಎರಡು ದಿನದ ರಜೆ ಹಾಕಿ ಮಳವಳ್ಳಿಗೆ ಬಂದಿದ್ದೆ. ಮಧ್ಯಾಹ್ನ ಊಟ ಮಾಡಿ ಒಳಗೆ ಮಲಗಿದ್ದೆ. ಬೀದಿಯಲ್ಲಿ ಯಾರೋ ಮನೆ ಮನೆಯ ಮುಂದೆ ನಿಂತು ಗಾಲಿ ರಿಪೇರಿಯೋರ ಮನೆ ಯಾವುದು ಎಂದು ವಿಚಾರಿಸುತ್ತಿದ್ದದ್ದು ನಿದ್ದೆಗಣ್ಣಿನಲ್ಲಿ ಕೇಳಿಸಿತು. ಅಂಥವರು ಇಲ್ಲಿ ಯಾರೂ ಇಲ್ಲ ಎಂದು ನೆರೆಯವರು ಹೇಳುತ್ತಿದ್ದರು. ನಮ್ಮ ಮನೆ ಆ ಬೀದಿಗೆ ಯಾವತ್ತಿಗೂ ಮೇಷ್ಟ್ರ ಮನೆಯೇ.

ಅವನು ನಮ್ಮ ಜಗುಲಿಗೂ ಬಂದ. ಅಪ್ಪ ಅಲ್ಲಿ ಕೂತು ಹುಡುಗರ ಲೆಕ್ಕ ತಿದ್ದುತ್ತಿದ್ದರು. ದನಿ ಈಗ ಸ್ಪಷ್ಟವಾಗಿ ಕೇಳಿತು, ದೊಡ್ಡವ್ವನ ಮಗನದು. ರಾಶಿ ಆಯಿತು, ಆಚಾರಿ ತನ್ನ ಆಯ ತೆಗೆದುಕೊಂಡ, ಗಾಲಿ ಕಲಿಸಿದವನದು ಎಂದು ಅವನೇ ಒಂದು ಪಾಲು ಎತ್ತಿಡಿಸಿದ, ಅವ್ವ ಕೊಟ್ಟು ಬಾ ಅಂದಳು ಎಂದು, ಆ ಮಾತು ಕಡಿಮೆಯ ಮನುಷ್ಯ ಬದುಕಿನಲ್ಲೇ ಅತಿ ಉದ್ದದ ಮಾತಾಡಿ ಮುಗಿಸಿ, ಹೆಗಲಿನ ಚೀಲವನ್ನು ಜಗುಲಿಗೆ ಇಳಿಸಿದ. ರಾಗಿ ಚೀಲ ಕೂತ ಸದ್ದು ಒಳಗೆ ಬಂತು.

ನಾನು ಏಳಲಿಲ್ಲ. ಎದ್ದರೆ ಏನು ಮುಖ ಮಾಡಬೇಕೋ ತಿಳಿಯದೆ ಹಾಗೆಯೇ ಮಲಗಿದ್ದೆ. ಬಾಗಿಲ ಸಂದಿನಿಂದ ಅಪ್ಪ ಕಾಣುತ್ತಿದ್ದರು. ಸ್ಲೇಟು ಪಕ್ಕಕ್ಕಿಟ್ಟು, ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ರಾಗಿ ತೆಗೆದು, ಅಂಗೈಯಲ್ಲಿ ಹರಡಿ, ಊದಿ ನೋಡಿದರು. ಒಂದು ಕಾಳನ್ನೂ ಕೆಳಗೆ ಬೀಳಿಸದೆ ಮತ್ತೆ ಚೀಲಕ್ಕೆ ಸುರಿದರು. ಬಂದವನಿಗೆ ಕೂರಲು ಚಾಪೆ ಹಾಕಿದರು. ಆಮೇಲೆ ಒಳಗೆ ತಿರುಗಿ, ಶಾಲೆಯಲ್ಲಿ ಕೂಗುವ ಅದೇ ಗಟ್ಟಿ ದನಿಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ನನ್ನನ್ನು ಕೂಗಿದರು.

“ನಿನ್ನ ಕೇಳ್ಕೊಂಡು ಬಂದವ್ರೆ ಕಣಪ್ಪ. ಎದ್ದು ಬಾ.”